ಹಳೆ ಕುಂಡಕ್ಕೆ ಹೊಸ ಬೀಜ: ಮೊದಲು ತಿಕ್ಕಿ, ಆಮೇಲೆ ಬ್ಲೀಚ್

ಮುಂಗಾರಿಗೆ ಮುಂಚೆ ತಾರಸಿಯಲ್ಲಿ ಟೊಮೆಟೊ, ಮೆಣಸಿನಕಾಯಿ, ಬದನೆ ಅಗೆ ಹಾಕುವವರ ಗೋಳು ಪ್ರತಿವರ್ಷ ಒಂದೇ. ಬೀಜ ಚೆನ್ನಾಗಿಯೇ ಮೊಳೆಯುತ್ತದೆ, ಎರಡೆಲೆ ಬಿಡುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಸಸಿಗಳ ಬುಡ ನೂಲಿನಂತೆ ಸಣ್ಣಗಾಗಿ, ಸಾಲಾಗಿ ಮಣ್ಣಿಗೊರಗಿರುತ್ತವೆ. ಬೈಗುಳವೆಲ್ಲ ಬೀಜದಂಗಡಿಯವನಿಗೆ. ಬೀಜ ಕೆಟ್ಟಿದ್ದರೆ ಮೊಳೆಯುತ್ತಲೇ ಇರಲಿಲ್ಲವಲ್ಲ!

ಇದು ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯದಂಥ ಸೂಕ್ಷ್ಮಜೀವಿಗಳ ಕೆಲಸ. ಅತಿಯಾಗಿ ನೀರು ಹಾಕಿದರೆ, ಗಾಳಿಯಾಡದಿದ್ದರೆ ಇದು ಜೋರಾಗುತ್ತದೆ, ನಿಜ. ಆದರೆ ರೋಗದ ಬೀಜಾಣು ಎಷ್ಟೋ ಸಲ ಕಾದು ಕೂತಿರುವುದು ಕಳೆದ ಬೆಳೆಯ ಕುಂಡದಲ್ಲೇ, ಅಂಚಿಗೆ ಒಣಗಿ ಅಂಟಿದ ಮಣ್ಣಿನಲ್ಲಿ, ತೂತಿನಲ್ಲಿ ಸಿಕ್ಕಿಕೊಂಡ ಹಳೆ ಬೇರಿನ ಎಳೆಯಲ್ಲಿ. ಬೆಳೆದ ಗಿಡ ತಡೆದುಕೊಳ್ಳುತ್ತದೆ. ಎಳೆ ಸಸಿಗೆ ಆ ಶಕ್ತಿ ಇರುವುದಿಲ್ಲ. ಹಾಗಾಗಿ ದಾಸವಾಳ ನೆಡುವ ಕುಂಡವನ್ನು ತಿಕ್ಕಿ ಬ್ಲೀಚ್‌ನಲ್ಲಿ ಅದ್ದಬೇಕಿಲ್ಲ, ಬೀಜ ಹಾಕುವ ಕುಂಡಕ್ಕೆ ಮಾತ್ರ ಇದನ್ನು ತಪ್ಪಿಸಬೇಡಿ.

ಮೊದಲು ಆರಿಸಿ

ಬಿರುಕು ಬಿಟ್ಟದ್ದು, ಬಿಸಿಲಿಗೆ ಪುಡಿಪುಡಿಯಾಗುವ ಪ್ಲಾಸ್ಟಿಕ್, ನರ್ಸರಿಯ ಕಪ್ಪು ಕವರ್ ಇವನ್ನೆಲ್ಲ ಬದಿಗಿಡಿ. ಮೊಟ್ಟೆಯ ರಟ್ಟಿನ ಟ್ರೇ, ತೆಂಗಿನ ಚಿಪ್ಪು ಒಂದು ಬೆಳೆಗಷ್ಟೇ ಸರಿ, ಅವನ್ನು ತೊಳೆದು ಮತ್ತೆ ಬಳಸುವ ಗೋಜು ಬೇಡ. ಅಗ್ಗದ ತೆಳು ಪ್ರೋಟ್ರೇಗಳೂ (ಸಸಿ ಎಬ್ಬಿಸುವ, ಸಾಲು ಗುಳಿಗಳ ಪ್ಲಾಸ್ಟಿಕ್ ಟ್ರೇ) ಅಷ್ಟೇ, ಎರಡು ಸಲ ತಿಕ್ಕುವಷ್ಟರಲ್ಲಿ ಹರಿಯುತ್ತವೆ. ಸ್ವಲ್ಪ ಹೆಚ್ಚು ದುಡ್ಡು ಕೊಟ್ಟು ದಪ್ಪನೆಯದನ್ನೇ ಕೊಳ್ಳಿ.

ಹಳೆ ಮಣ್ಣು ಕೊಡವಿ ಕರಿಬೇವು, ತೆಂಗಿನ ಬುಡಕ್ಕೆ ಹಾಕಿ.

ತಿಕ್ಕುವುದು: ಎಲ್ಲರೂ ಎಡವುವ ಜಾಗ

ಮಣ್ಣು ಮೆತ್ತಿದ ಕುಂಡವನ್ನು ಹಾಗೇ ಬ್ಲೀಚ್ ನೀರಿಗೆ ಮುಳುಗಿಸಿ ‘ಆಯ್ತು’ ಎನ್ನುವವರೇ ಹೆಚ್ಚು. ಆಗಿರುವುದಿಲ್ಲ. ಬ್ಲೀಚ್‌ನಲ್ಲಿರುವ ಕ್ಲೋರಿನ್‌ಗೆ ರೋಗಾಣು ಯಾವುದು, ಕೊಳೆತ ಎಲೆ ಯಾವುದು ಎಂಬ ಭೇದವಿಲ್ಲ. ಮಣ್ಣಿನಲ್ಲಿರುವ ಸಾವಯವ ವಸ್ತುವಿನ ಮೇಲೇ ತನ್ನ ಶಕ್ತಿಯನ್ನೆಲ್ಲ ಕಳೆದುಕೊಂಡು ಸುಮ್ಮನೆ ನೀರಾಗುತ್ತದೆ. ಮಣ್ಣಿನ ಹೆಂಟೆಯೊಳಗಿರುವ ಬೀಜಾಣುವನ್ನು ಅದು ಮುಟ್ಟುವುದೂ ಇಲ್ಲ. ನೂರಕ್ಕೆ ತೊಂಬತ್ತು ಪಾಲು ಕೆಲಸ ಬ್ರಷ್‌ನದು ಎಂದೇ ನನ್ನ ಲೆಕ್ಕ.

ಕುಂಡಗಳನ್ನು ಅರ್ಧ ಗಂಟೆ ಬರಿ ನೀರಿನಲ್ಲಿ ನೆನೆಸಿ. ಆಮೇಲೆ ಪಾತ್ರೆ ತೊಳೆಯುವ ಸೋಪು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿ. ಸ್ಟೀಲ್ ಸ್ಕ್ರಬರ್ ಪ್ಲಾಸ್ಟಿಕ್ಕಿಗೆ ಬೇಡವೇ ಬೇಡ, ಅದು ಗೀರಿದ ಜಾಗದಲ್ಲೇ ಮುಂದಿನ ಸಲ ಕೊಳೆ ಕೂರುತ್ತದೆ. ಒಳಮೈ ಎಲ್ಲರೂ ತಿಕ್ಕುತ್ತಾರೆ. ಬಿಟ್ಟುಹೋಗುವುದು ಮೂರು ಕಡೆ: ಪ್ಲಾಸ್ಟಿಕ್ ಕುಂಡದ ಮೇಲಂಚು ಹೊರಕ್ಕೆ ಮಡಚಿರುವಲ್ಲಿ ಅದರ ಅಡಿಭಾಗ, ತಳದ ತೂತುಗಳ ಸುತ್ತ, ಕುಂಡದ ಕೆಳಗಿಡುವ ತಟ್ಟೆ. ಸವೆದ ಹಲ್ಲುಜ್ಜುವ ಬ್ರಷ್ ಈ ಮೂರಕ್ಕೂ ಸಾಕು. ಪ್ರೋಟ್ರೇಯ ಗುಳಿಗಳಿಗೆ ಬಾಟಲಿ ತೊಳೆಯುವ ಬ್ರಷ್ ಹಾಕಿ ತಿರುಗಿಸಿ. ಟ್ರೇಯನ್ನು ಬೆಳಕಿಗೆ ಹಿಡಿದರೆ ಯಾವ ತೂತು ಕಟ್ಟಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಬೋರ್ ನೀರು ಹಾಕುವವರ ಮಣ್ಣಿನ ಕುಂಡಗಳ ಮೇಲೆ ಬಿಳಿ ಪದರ ಕಟ್ಟಿರುತ್ತದೆ. ಅದು ಬೂಷ್ಟಲ್ಲ, ಗಡಸು ನೀರಿನ ಸುಣ್ಣ ಮತ್ತು ಗೊಬ್ಬರದ ಲವಣ. ಸೋಪಿಗೆ ಜಗ್ಗದು. ಅಡುಗೆಯ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಅರ್ಧ ಗಂಟೆ ಸುತ್ತಿಟ್ಟು ತಿಕ್ಕಿ. ಕೆಲವರು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸುರಿಯುತ್ತಾರೆ. ದಯವಿಟ್ಟು ಬೇಡ. ಯಾವುದೇ ಆಮ್ಲ, ವಿನೆಗರ್ ಕೂಡ, ಬ್ಲೀಚ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರಾಟಕ್ಕೇ ಅಪಾಯ. ವಿನೆಗರ್ ಹಾಕಿದ ಕುಂಡವನ್ನು ಧಾರಾಳ ನೀರಿನಲ್ಲಿ ತೊಳೆದ ಮೇಲೆಯೇ ಮುಂದಿನ ಕೆಲಸ.

ಬ್ಲೀಚ್ ಸ್ನಾನ

ದ್ರವ ಬ್ಲೀಚ್ ಆದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು. ಲೇಬಲ್ ಓದಿ: ಸೋಡಿಯಂ ಹೈಪೊಕ್ಲೋರೈಟ್ ಶೇಕಡಾ 4ರಿಂದ 5ರಷ್ಟಿದ್ದರೆ ಈ ಲೆಕ್ಕ ಸರಿ. ಪರಿಮಳ ಬೆರೆಸಿದ್ದು, ನೊರೆ ಬರುವಂತೆ ಮಾಡಿದ್ದು ಬೇಡ. ಬ್ಲೀಚಿಂಗ್ ಪೌಡರ್ ಆದರೆ ಲೀಟರಿಗೆ 15 ಗ್ರಾಂ. ಕಲಕಿ, ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಳಸಿ. ತಳದಲ್ಲಿ ಉಳಿಯುವುದು ಸುಣ್ಣ. ಅಂಗಡಿಯಲ್ಲಿ ಬಾಯಿ ತೆರೆದ ಚೀಲದಿಂದ ತೂಗಿ ಕೊಡುವ ಪೌಡರ್ ಮಾತ್ರ ನಂಬಬೇಡಿ. ಗಾಳಿ, ತೇವ ತಾಗಿ ಅದರ ಸತ್ವ ಹೋಗಿರುತ್ತದೆ. ಮೂಗಿಗೆ ಘಾಟು ಹೊಡೆಯದಿದ್ದರೆ, ಗಂಟು ಕಟ್ಟಿದ್ದರೆ ಅದು ಬರಿ ಬಿಳಿ ಪುಡಿ.

ಪ್ಲಾಸ್ಟಿಕ್ ಬಕೆಟ್ಟೇ ಇರಲಿ, ಕಬ್ಬಿಣ ಅಲ್ಯೂಮಿನಿಯಂ ತಿಂದುಹೋಗುತ್ತವೆ. ಕೈಗವಸು ಹಾಕಿಕೊಳ್ಳಿ, ಹಳೆ ಬಟ್ಟೆ ಉಡಿ, ಬಚ್ಚಲ ಬಾಗಿಲು ಹಾಕಿಕೊಂಡು ಮಾಡಬೇಡಿ. ತಾರಸಿಯೇ ವಾಸಿ, ಆದರೆ ನೆರಳಿನಲ್ಲಿ, ಏಕೆಂದರೆ ಬಿಸಿಲಿಗೆ ಬ್ಲೀಚ್ ನೀರಿನ ಶಕ್ತಿ ಬೇಗ ಕುಗ್ಗುತ್ತದೆ.

ಮಣ್ಣಿನ ಕುಂಡ ಮೊದಲೇ ನೀರು ಕುಡಿದು ತಣಿದಿರಬೇಕು. ಒಣಗಿದ್ದನ್ನು ಅದ್ದಿದರೆ ಬ್ಲೀಚನ್ನೇ ಹೀರಿಕೊಂಡು ಆಮೇಲೆ ಬಿಟ್ಟುಕೊಡಲು ಸತಾಯಿಸುತ್ತದೆ. ಒಂದರೊಳಗೊಂದು ಸೇರಿಸಿ ಮುಳುಗಿಸಬೇಡಿ, ಅಂಟಿಕೊಂಡ ಮೈಗೆ ನೀರು ತಾಗುವುದಿಲ್ಲ. ಪ್ರೋಟ್ರೇ ತೇಲುತ್ತದೆ, ಮೇಲೊಂದು ಇಟ್ಟಿಗೆ ಹೇರಿ. ಗುಳಿಗಳಲ್ಲಿ ಸಿಕ್ಕಿದ ಗಾಳಿಗುಳ್ಳೆ ಹೋಗುವಂತೆ ಒಮ್ಮೆ ಅಲುಗಿಸಿ. ಹತ್ತು ನಿಮಿಷ ಪೂರ್ತಿ ಮುಳುಗಿದ್ದರೆ ಸಾಕು. ನೀರು ಕದಡಿದರೆ ಚೆಲ್ಲಿ ಹೊಸದು ಮಾಡಿ, ಮಾಡಿಟ್ಟ ನೀರನ್ನು ನಾಳೆಗೆ ಉಳಿಸಬೇಡಿ.

ಬ್ಲೀಚ್ ಬದಲು ಫಿನಾಯಿಲ್? ಬೇಡ. ಅದರ ಎಣ್ಣೆಯಂಶ ಮಣ್ಣಿನ ಕುಂಡದಲ್ಲಿ ಸೇರಿಕೊಂಡರೆ ಹೊರಡುವುದಿಲ್ಲ. ಉಪ್ಪುನೀರೂ ಬೇಡ, ಸಸಿ ಸುಡುತ್ತದೆ. ಅರಿಶಿನದ ನೀರು ಹಚ್ಚಿದರೆ ಕುಂಡ ಹಳದಿಯಾಗುತ್ತದೆ, ಅಷ್ಟೆ. ಕುದಿನೀರು ಸುರಿದರೆ ತೆಳು ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ‘ಬಿಸಿಲಲ್ಲಿಟ್ಟರೆ ಸಾಲದೇ’ ಎನ್ನುವವರಿಗೆ: ಏಪ್ರಿಲ್ ಬಿಸಿಲು ಒಳ್ಳೆಯದೇ, ಆದರೆ ತಿಕ್ಕಿ ತೊಳೆದ ಮೇಲಿನ ಸಹಾಯವಾಗಿ ಮಾತ್ರ.

ತೊಳೆದು ಒಣಗಿಸಿ

ಪ್ಲಾಸ್ಟಿಕ್ಕಿಗೆ ಎರಡು ಸಲ ಬರಿ ನೀರು. ಮಣ್ಣಿನ ಕುಂಡವನ್ನು ಹೊಸ ನೀರಿನಲ್ಲಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಮೂಸಿ ನೋಡಿ, ವಾಸನೆ ಇದ್ದರೆ ಇನ್ನೊಮ್ಮೆ. ಆಮೇಲೆ ಬಿಸಿಲಿಗೆ ಬೋರಲಾಗಿ ಇಡಿ. ನೆಲದ ಮೇಲಲ್ಲ, ತೊಳೆದ ಚಪ್ಪಡಿಯ ಮೇಲೋ ಕಂಬಿಯ ಮೇಲೋ. ಇಷ್ಟೆಲ್ಲ ಮಾಡಿ ಒದ್ದೆ ಕುಂಡವನ್ನು ತೋಟದ ಮಣ್ಣಿನ ಮೇಲೆ ಕವುಚಿದರೆ ಮೊದಲಿನ ಕಥೆಯೇ. ಅಗೆ ಹಾಕುವ ಕೈಗುದ್ದಲಿ, ಚಮಚ, ಹೆಸರಿನ ಪಟ್ಟಿಗಳನ್ನೂ ಕುಂಡಗಳ ಜೊತೆಯಲ್ಲೇ ಬ್ಲೀಚ್ ನೀರಿನಲ್ಲಿ ಅದ್ದಿ ತೆಗೆಯಿರಿ.

ತುಂಬಿಸುವುದು ಹೊಸ ಕೋಕೊಪೀಟ್ (ತೆಂಗಿನ ನಾರಿನ ಪುಡಿ), ಹೊಸ ಎರೆಗೊಬ್ಬರವೇ ಆಗಿರಲಿ. ಟ್ರೈಕೊಡರ್ಮಾ ಬೆರೆಸುವವರು ಕುಂಡ ಪೂರ್ತಿ ಒಣಗಿ ಘಾಟು ಹೋದ ಮೇಲೆ ಬೆರೆಸಿ, ಇಲ್ಲದಿದ್ದರೆ ಆ ಒಳ್ಳೆ ಶಿಲೀಂಧ್ರವೂ ಸಾಯುತ್ತದೆ. ಬೀಡಿ, ಸಿಗರೇಟು ಸೇದುವವರು ಟೊಮೆಟೊ, ಮೆಣಸಿನ ಅಗೆ ಮುಟ್ಟುವ ಮುಂಚೆ ಕೈಗೆ ಸೋಪು ಹಾಕಿ ತೊಳೆಯಲಿ. ತಂಬಾಕಿನ ಮೊಸಾಯಿಕ್ ವೈರಸ್ ಈ ಎರಡಕ್ಕೂ ತಗಲುತ್ತದೆ.

ಬಕೆಟ್ಟಿನಲ್ಲಿ ಉಳಿದ ಬ್ಲೀಚ್ ನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ. ಬಚ್ಚಲ ನೆಲಕ್ಕೆ ಹಾಕಿ ಉಜ್ಜಿ, ಅಲ್ಲಿ ಆಗಲೇ ಯಾರಾದರೂ ಆ್ಯಸಿಡ್ ಹಾಕಿದ್ದಾರೆಯೇ ಎಂದು ಕೇಳಿಕೊಂಡು.