ಶೆಡ್ಡಿನಿಂದ ಬಾಡಿಗೆ ಮನೆಗೆ: ಒಂದು ಕುಟುಂಬವನ್ನು ನೆಲೆ ನಿಲ್ಲಿಸುವುದು ಹೇಗೆ?

ಬೆಂಗಳೂರಿನಲ್ಲಿ ಮನೆ ಕಟ್ಟುತ್ತಿರುವ ಸೈಟುಗಳ ಮೂಲೆಯಲ್ಲಿ ಒಂದು ತಗಡಿನ ಶೆಡ್ ನೋಡಿರುತ್ತೀರಿ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದ ಕುಟುಂಬ ಅಲ್ಲಿದ್ದುಕೊಂಡು ಸಿಮೆಂಟು, ಕಬ್ಬಿಣ ಕಾಯುತ್ತದೆ. ಗೋಡೆಗೆ ನೀರು ಹಾಕುತ್ತದೆ. ಗೃಹಪ್ರವೇಶದ ದಿನ ಗೊತ್ತಾಯಿತು ಅಂದರೆ ಇವರು ಜಾಗ ಖಾಲಿ ಮಾಡುವ ದಿನವೂ ಗೊತ್ತಾದ ಹಾಗೆ. ಇನ್ನೊಂದು ಸೈಟು ಸಿಕ್ಕರೆ ಸರಿ. ಸಿಗದಿದ್ದರೆ ಯಾವುದೋ ಖಾಲಿ ಜಾಗದಲ್ಲಿ ತಾರ್ಪಾಲು ಕಟ್ಟಿಕೊಳ್ಳಬೇಕು.

ಇಂಥವರಲ್ಲಿ ಹಲವರ ಹತ್ತಿರ ಬಿಪಿಎಲ್ ಕಾರ್ಡ್ ಇದೆ, ಅನ್ನಭಾಗ್ಯದ ಅಕ್ಕಿ ಬರುತ್ತದೆ, ಗೃಹಲಕ್ಷ್ಮಿ ದುಡ್ಡೂ ಬರುತ್ತದೆ. ಮನೆ ಮಾತ್ರ ಇಲ್ಲ. ಸಹಾಯ ಮಾಡುವವರಿಗೂ ಕೊರತೆಯಿಲ್ಲ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೇಳಿದರೆ ಸಂಜೆಯೊಳಗೆ ಅಡ್ವಾನ್ಸ್ ದುಡ್ಡು ಕೂಡುತ್ತದೆ. ಊರಾಚೆ ಎಲ್ಲೋ ಅಗ್ಗದ ಮನೆ ಹಿಡಿದು, ಸಾಮಾನು ಟೆಂಪೊಗೆ ಹಾಕಿ ಕಳಿಸಿಬಿಡುತ್ತಾರೆ. ಮೂರ್ನಾಲ್ಕು ತಿಂಗಳಾದ ಮೇಲೆ ಅದೇ ಕುಟುಂಬ ಮತ್ತೆ ಹಳೇ ಜಾಗದಲ್ಲಿ. ಅಡ್ವಾನ್ಸೆಲ್ಲ ಬಾಡಿಗೆಗೆ ಮುರಿದುಹೋಗಿರುತ್ತದೆ. ಇದನ್ನು ಮತ್ತೆ ಮತ್ತೆ ನೋಡಿದ ಮೇಲೆಯೇ ಈ ಲೇಖನ ಬರೆಯುತ್ತಿದ್ದೇನೆ. ಎರಡನೇ ವರ್ಷವೂ ಅದೇ ಮನೆಯಲ್ಲಿ ಇರುತ್ತಾರಾ? ಮೊದಲ ದಿನದಿಂದಲೇ ಈ ಪ್ರಶ್ನೆ ಇಟ್ಟುಕೊಂಡು ಕೆಲಸ ಮಾಡಿ.

ಮೊದಲು ಕೂತು ಮಾತಾಡಿ

ಮೊದಲ ಸಲ ಹೋಗುವಾಗ ವ್ಯಾನು, ಬ್ಯಾನರು, ಕ್ಯಾಮೆರಾ ಬೇಡ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ರಸ್ತೆ ಬದಿಯಲ್ಲಿ ಮಲಗುವವರಿಗೆ ವ್ಯಾನು ಕಂಡರೆ ನಿರಾಶ್ರಿತರ ಕೇಂದ್ರಕ್ಕೆ ಹೊತ್ತುಕೊಂಡು ಹೋಗುತ್ತಾರೆ ಅನ್ನುವ ಭಯ. ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ ಅನ್ನುವ ಭಯವಂತೂ ಇನ್ನೂ ಜಾಸ್ತಿ. ಸಂಜೆ ಕೆಲಸ ಮುಗಿದ ಮೇಲೆ ಒಬ್ಬರೋ ಇಬ್ಬರೋ ಹೋಗಿ. ಕೆಲಸ ಎಲ್ಲಿ, ಮಕ್ಕಳ ಶಾಲೆ ಎಲ್ಲಿ, ಹಿಂದೆ ಬಾಡಿಗೆ ಮನೆಯಲ್ಲಿದ್ದರಾ, ಇದ್ದರೆ ಯಾಕೆ ಬಿಟ್ಟರು ಅಂತ ಕೇಳಿ. ಆ ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ. ಮನೆಯ ಹೆಣ್ಣುಮಗಳ ಹತ್ತಿರ ಬೇರೆಯಾಗಿಯೂ ಮಾತಾಡಿ. ಹೊಡೆತ ಬಡಿತ ಇದೆ ಅಂತ ಗೊತ್ತಾದರೆ ಮನೆ ಹುಡುಕುವುದು ಆಮೇಲೆ. ಮೊದಲು 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿಸಿ.

ಇವತ್ತು ರಾತ್ರಿಗೇ ಜಾಗ ಬೇಕಿದ್ದರೆ ಪಾಲಿಕೆಯ ವಸತಿರಹಿತರ ಆಶ್ರಯ ಕೇಂದ್ರದಲ್ಲಿ ವಿಚಾರಿಸಿ. ಆದರೆ ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಇರಬಹುದಾ ಅಂತ ಮೊದಲೇ ಕೇಳಿಕೊಳ್ಳಿ. ಗಂಡಸರಿಗೆ ಮಾತ್ರ ಇರುವ ಕೇಂದ್ರಗಳೇ ಜಾಸ್ತಿ. ಕುಟುಂಬವನ್ನು ಎರಡು ಕಡೆ ಹಂಚುವ ಏರ್ಪಾಡಿಗೆ ನಾನಂತೂ ಒಪ್ಪುವುದಿಲ್ಲ.

ಕಾಗದ ಪತ್ರ

ಆಧಾರ್‌ನಲ್ಲಿ ಊರಿನ ವಿಳಾಸವೇ ಇದ್ದರೂ ಬಾಡಿಗೆ ಮನೆಗೆ ಸಾಕು. ಮೊದಲು ವಿಳಾಸ ಬದಲಾಯಿಸೋಣ ಅಂತ ಹೊರಟು ತಿಂಗಳು ಕಳೆಯಬೇಡಿ. ಆಧಾರೇ ಇಲ್ಲದವರಿಗೆ ಗೆಜೆಟೆಡ್ ಅಧಿಕಾರಿ, ತಹಶೀಲ್ದಾರ್ ಅಥವಾ ಶಾಸಕರು ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯಲ್ಲಿ, ಫೋಟೊ ಅಂಟಿಸಿ, ಸಹಿ ಮಾಡಿಕೊಡಬಹುದು. ಮಾನ್ಯತೆ ಇರುವ ಆಶ್ರಯ ಕೇಂದ್ರದ ಮೇಲ್ವಿಚಾರಕರಿಗೂ ಈ ಅಧಿಕಾರ ಇದೆ. ಹೊಸ ಆಧಾರ್ ನೋಂದಣಿಗೆ ಶುಲ್ಕವಿಲ್ಲ.

ರೇಷನ್ ಕಾರ್ಡ್ ಊರಲ್ಲಿದ್ದರೆ ಅಲ್ಲೇ ಇರಲಿ. ಬೆರಳಚ್ಚು ಕೊಟ್ಟು ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ರೇಷನ್ ಪಡೆಯಬಹುದು. ಹೊಸ ಬಿಪಿಎಲ್ ಕಾರ್ಡಿಗೆ ಅರ್ಜಿ ಯಾವಾಗಲೂ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಇರುವ ಕಾರ್ಡನ್ನು ಸುಮ್ನೆ ರದ್ದು ಮಾಡಿಸಬೇಡಿ.

ಗೃಹಲಕ್ಷ್ಮಿ ಬರುತ್ತಿಲ್ಲ ಅನ್ನುವವರ ಬ್ಯಾಂಕ್ ಜೋಡಣೆ ನೋಡಿಸಿ. ಸರ್ಕಾರದ ದುಡ್ಡು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ. ಎಂದೋ ತೆರೆದು ಮರೆತ ಖಾತೆಯಲ್ಲಿ ಹಣ ಬಿದ್ದಿರುವುದು ಉಂಟು. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ, ಗಂಡ ತೀರಿಕೊಂಡವರಿಗೆ ವಿಧವಾ ವೇತನ ಬರುತ್ತಿದೆಯಾ ನೋಡಿ. ಇಲ್ಲದಿದ್ದರೆ ನಾಡಕಚೇರಿಯಲ್ಲಿ ಅರ್ಜಿ ಹಾಕಿಸಿ.

ಬಾಡಿಗೆಯ ಲೆಕ್ಕ

ಸಾಮಾನ್ಯವಾಗಿ ಜನ ಒಳ್ಳೆಯ ತಿಂಗಳ ಸಂಪಾದನೆ ಕೇಳಿ ಬಾಡಿಗೆ ನಿರ್ಧರಿಸುತ್ತಾರೆ. ನೀವು ಕೆಟ್ಟ ತಿಂಗಳದ್ದನ್ನು ಕೇಳಿ. ಗಾರೆ ಕೆಲಸದವರಿಗೆ ಮಳೆಗಾಲದಲ್ಲಿ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಉದಾಹರಣೆಗೆ, ದಿನಕ್ಕೆ 700 ರೂಪಾಯಿ ಸಿಗುವವರಿಗೆ 15 ದಿನ ಮಾತ್ರ ಕೆಲಸ ಸಿಕ್ಕರೆ 10,500. ಹೆಂಡತಿ ಮನೆಗೆಲಸದಿಂದ 5,000 ತರುತ್ತಾರೆ ಅಂದುಕೊಳ್ಳಿ. ಒಟ್ಟು 15,500. ಇದರ ಮೂರನೇ ಒಂದು ಭಾಗ, ಅಂದರೆ ಸುಮಾರು 5,000, ಬಾಡಿಗೆಗೆ ಮೇಲ್ಮಿತಿ. ನೀರಿನ ದುಡ್ಡೂ ಅದರೊಳಗೇ ಬರಬೇಕು.

ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಕೆಲವು ಸಲ ತಡವಾಗಿ, ಎರಡು ಮೂರು ಕಂತು ಒಟ್ಟಿಗೆ ಬೀಳುತ್ತದೆ. ಮನೆ ಮಾಲೀಕರು ಐದನೇ ತಾರೀಕಿಗೆ ಬಾಗಿಲಿಗೆ ಬರುತ್ತಾರೆ. ಆ ದುಡ್ಡು ಗ್ಯಾಸಿಗೆ, ಔಷಧಿಗೆ, ಮಕ್ಕಳ ಪುಸ್ತಕಕ್ಕೆ ಇರಲಿ.

ದುಡಿಯುವವರೇ ಇಲ್ಲದ ಮನೆಗಳೂ ಇವೆ. 800 ರೂಪಾಯಿಯ ವಿಧವಾ ವೇತನ, ಜೊತೆಗೆ ಗೃಹಲಕ್ಷ್ಮಿ, ಇಷ್ಟರಲ್ಲಿ ಈ ಊರಲ್ಲಿ ಬಾಡಿಗೆ ಮನೆ ನಡೆಯುವುದಿಲ್ಲ. ಅಂಥವರಿಗೆ ಅಡ್ವಾನ್ಸ್ ಕಟ್ಟಿ ಕೈ ತೊಳೆದುಕೊಂಡರೆ ಅನ್ಯಾಯ ಮಾಡಿದ ಹಾಗೆ. ಅಕ್ಕನೋ ತಂಗಿಯೋ ಇದ್ದರೆ ಇಬ್ಬರೂ ಸೇರಿ ಒಂದು ಮನೆ ಮಾಡುವಂತೆ ಏರ್ಪಾಡು ಮಾಡಿ. ಇಲ್ಲದಿದ್ದರೆ ಬಾಡಿಗೆಯ ಒಂದು ಪಾಲನ್ನು ಎಷ್ಟು ಕಾಲ ನೀವು ಕೊಡುತ್ತೀರಿ ಅಂತ ಮೊದಲೇ ಬರೆದು ತಿಳಿಸಿ.

ಎಲ್ಲಿ ಹುಡುಕಬೇಕು?

ಈಗಿನ ಕೆಲಸಕ್ಕೆ ನಡೆದು ಹೋಗುವಷ್ಟು ದೂರದಲ್ಲಿ. ಬಾಡಿಗೆಯಲ್ಲಿ 1,500 ಉಳಿಯುತ್ತದೆ ಅಂತ ಊರಾಚೆಗೆ ಕಳಿಸಿದರೆ ಹೆಂಡತಿಯ ಮನೆಗೆಲಸ ಹೋಗುತ್ತದೆ, ಮಕ್ಕಳ ಶಾಲೆ ಬಿಟ್ಟುಹೋಗುತ್ತದೆ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತ ನಿಜ. ಬೆಳಿಗ್ಗೆ ಆರಕ್ಕೆ ಪಾತ್ರೆ ತೊಳೆಯಲು ಬಂದು ಮುಟ್ಟಬೇಕಾದವರಿಗೆ ಹೊತ್ತೂ ಮುಖ್ಯ, ಅಲ್ವಾ?

ಆ್ಯಪ್‌ಗಳಲ್ಲಿ ಹುಡುಕುವುದು ಈ ಬಾಡಿಗೆಗೆ ವ್ಯರ್ಥ. ಫೋಟೊ ನೋಡಿ ಟೋಕನ್ ದುಡ್ಡು ಕಳಿಸುವುದಂತೂ ಬೇಡವೇ ಬೇಡ. ಶೀಟ್ ಮನೆ, ವಠಾರದ ಸಿಂಗಲ್ ರೂಮುಗಳ ಸುದ್ದಿ ಸಿಗುವುದು ಕಿರಾಣಿ ಅಂಗಡಿಯಲ್ಲಿ, ಇಸ್ತ್ರಿ ಅಂಗಡಿಯಲ್ಲಿ, ಅಂಗನವಾಡಿ ಟೀಚರ ಹತ್ತಿರ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಕೊಡುವ ಬದಲು ಆ ದುಡ್ಡನ್ನು ಕುಟುಂಬಕ್ಕೆ ಉಳಿಸಿ.

ಮನೆ ನೋಡುವಾಗ ನಾನು ಬಿಡದೆ ಕೇಳುವುದು ಕರೆಂಟ್ ಮೀಟರ್. ಬೇರೆ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ನಂಬರ್) ಇಲ್ಲದೆ ಸಬ್‌ಮೀಟರ್ ಮಾತ್ರ ಇದ್ದರೆ ಬಾಡಿಗೆದಾರರಿಗೆ ತಮ್ಮ ಹೆಸರಲ್ಲಿ ಗೃಹಜ್ಯೋತಿ ಸಿಗುವುದಿಲ್ಲ. ಮಾಲೀಕರು ಹೇಳಿದ ದರಕ್ಕೆ ದುಡ್ಡು ಕಟ್ಟಬೇಕು. ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಬೇರೆ ಮೀಟರ್ ಇರುವ ಮನೆಯನ್ನೇ ಹಿಡಿಯಿರಿ. ಹಿಂದಿನ ಬಾಡಿಗೆದಾರರ ಗೃಹಜ್ಯೋತಿ ನೋಂದಣಿ ರದ್ದಾಗಿದೆಯಾ ಅಂತಲೂ ನೋಡಿ. ಆಗಿರದಿದ್ದರೆ ಅಡ್ವಾನ್ಸ್ ಕೊಡುವ ಮೊದಲೇ ಅದನ್ನು ಸರಿಮಾಡಿಸಿಕೊಳ್ಳಿ.

ಮಾಲೀಕರು, ಅಡ್ವಾನ್ಸ್, ಕರಾರು ಪತ್ರ

ಕೆಲಸ ಕೆಡುವುದು ಇಲ್ಲೇ. ಆತುರ ಬೇಡ.

ಮಾಲೀಕರ ಹತ್ತಿರ ಸುಳ್ಳು ಹೇಳಬೇಡಿ. ಆರು ಜನ ಇದ್ದರೆ ಆರು ಜನ ಅಂತಲೇ ಹೇಳಿ. ನಾಲ್ಕು ಅಂತ ಹೇಳಿ ಸೇರಿಸಿದರೆ ಎರಡನೇ ತಿಂಗಳಿಗೆ ನೀರಿನ ಜಗಳ ಶುರು, ನಾಲ್ಕನೇ ತಿಂಗಳಿಗೆ ಖಾಲಿ ಮಾಡಿ ಅನ್ನುತ್ತಾರೆ. ಊರಿನಿಂದ ಅತ್ತೆ ಮಾವ ಬಂದು ಇರುತ್ತಾರೆ ಅಂತಿದ್ದರೆ ಅದನ್ನೂ ಹೇಳಿ. ಜಾತಿ ಕೇಳಿ, ಮಾಂಸ ಬೇಯಿಸುತ್ತಾರಾ ಅಂತ ಕೇಳಿ ಮುಖ ತಿರುಗಿಸುವ ಮಾಲೀಕರು ಸಿಕ್ಕೇ ಸಿಗುತ್ತಾರೆ. ವಾದ ಮಾಡಿ ಗೆದ್ದು ಆ ಮನೆಗೆ ಸೇರಿಸಬೇಡಿ. ನೀವು ಸಂಜೆ ನಿಮ್ಮ ಮನೆಗೆ ಹೋಗುತ್ತೀರಿ, ಆ ತಾಯಿ ಅದೇ ನಲ್ಲಿಯ ಹತ್ತಿರ ದಿನಾ ಆ ಮಾತು ಕೇಳಬೇಕು.

ಕುಟುಂಬವನ್ನು ಜೊತೆಗೆ ಕರೆದುಕೊಂಡೇ ಮನೆ ನೋಡಿ. ಮಾತು ಅವರೇ ಆಡಲಿ, ನೀವು ಪಕ್ಕದಲ್ಲಿರಿ. ಮಾಲೀಕರಿಗೆ ನಿಜವಾಗಿ ಬೇಕಾಗಿರುವುದು ಒಂದು ಭರವಸೆ. ‘ಬಾಡಿಗೆ ತಡವಾದರೆ ನನಗೆ ಫೋನ್ ಮಾಡಿ ಸರ್, ಓಡಿಸುವ ಮೊದಲು ನನಗೊಂದು ಮಾತು ಹೇಳಿ’ ಅಂತ ನಂಬರ್ ಕೊಡಿ. ಕೊಟ್ಟ ಮೇಲೆ ಫೋನ್ ಎತ್ತಿ.

ಬೆಂಗಳೂರಿನಲ್ಲಿ ಐದಾರು ತಿಂಗಳಿಂದ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವ ರೂಢಿ. ಚೌಕಾಸಿ ಮಾಡಿ. ಎರಡು ತಿಂಗಳ ಬಾಡಿಗೆ ಈಗಲೇ ಕೊಡುತ್ತೇವೆ, ಅಡ್ವಾನ್ಸ್ ಮೂರು ತಿಂಗಳದ್ದಕ್ಕೆ ಇಳಿಸಿ ಅಂದರೆ ಒಪ್ಪುವವರಿದ್ದಾರೆ. ಉಳಿದ ದೇಣಿಗೆಯಲ್ಲಿ ಮೊದಲ ಆರು ತಿಂಗಳು ಬಾಡಿಗೆಯ ಅರ್ಧ ಕೊಡಿ, ಆಮೇಲೆ ಕಾಲು ಭಾಗ, ಆಮೇಲೆ ನಿಲ್ಲಿಸಿ. ದೊಡ್ಡ ಅಡ್ವಾನ್ಸ್ ಕೊಟ್ಟು ಮರುತಿಂಗಳೇ ಕೈಬಿಡುವುದಕ್ಕಿಂತ ಇದು ಎಷ್ಟೋ ಮೇಲು. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕಳಿಸಿ. ನಗದು ಕೊಟ್ಟು, ಚೀಟಿಯೂ ಇಲ್ಲದೆ, ಕೊನೆಗೆ ಕಳೆದುಕೊಂಡವರು ಬೇಕಾದಷ್ಟು ಜನ.

ಬಾಡಿಗೆಯೇ ಬೇಡ, ಭೋಗ್ಯಕ್ಕೆ ಹಾಕಿಬಿಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾಲ್ಕೈದು ಲಕ್ಷ ಕೊಟ್ಟರೆ ತಿಂಗಳ ಗೋಳಿಲ್ಲ ಅನ್ನುವುದು ಕೇಳಲು ಚೆನ್ನಾಗಿದೆ. ಆದರೆ ಮಧ್ಯವರ್ತಿಯೊಬ್ಬ ತಾನು ಬಾಡಿಗೆಗೆ ಪಡೆದ ಮನೆಯನ್ನು ಬೇರೆಯವರಿಗೆ ಭೋಗ್ಯಕ್ಕೆ ಕೊಟ್ಟು ದುಡ್ಡಿನ ಸಮೇತ ಮಾಯವಾಗುವ ಮೋಸ ಈ ಊರಲ್ಲಿ ನಡೆಯುತ್ತಲೇ ಇದೆ. ದೇಣಿಗೆ ದುಡ್ಡಿನಲ್ಲಿ ಭೋಗ್ಯ ಬೇಡ.

ಇನ್ನು ಕರಾರು ಪತ್ರ. ಅದು ಕುಟುಂಬದ ಹೆಸರಲ್ಲೇ ಆಗಬೇಕು. ಗೃಹಲಕ್ಷ್ಮಿಗೆ ಯಜಮಾನಿ ಯಾರೋ ಅವರ ಹೆಸರಲ್ಲೇ ಆಗಲಿ ಅನ್ನುವುದು ನನ್ನ ಖಚಿತ ಸಲಹೆ. ಮಾಲೀಕರು ನಂಬುತ್ತಾರೆ ಅಂತ ಸಹಾಯ ಮಾಡುವವರು ತಮ್ಮ ಹೆಸರಲ್ಲಿ ಮಾಡಿಸಿಕೊಳ್ಳುತ್ತಾರೆ. ಆಗ ಆ ಪತ್ರ ಕುಟುಂಬದ ವಿಳಾಸಕ್ಕೆ ಪುರಾವೆಯಾಗುವುದಿಲ್ಲ. ನಾಳೆ ಅಡ್ವಾನ್ಸ್ ವಾಪಸ್ ಕೇಳುವ ಹಕ್ಕೂ ಅವರ ಕೈಯಲ್ಲಿ ಇರುವುದಿಲ್ಲ.

ಜೆರಾಕ್ಸ್ ಅಂಗಡಿಯ ರೆಡಿಮೇಡ್ ನಮೂನೆ ತೆಗೆದುಕೊಳ್ಳಬೇಡಿ. ಇಂಗ್ಲಿಷಿನಲ್ಲಿ ಇರುತ್ತದೆ, ಮಾಲೀಕರು ಹೇಳಿದ ಕೂಡಲೇ ಬಿಡಬೇಕು ಅನ್ನುವ ಸಾಲೂ ಸೇರಿಕೊಂಡಿರುತ್ತದೆ. ಕನ್ನಡದಲ್ಲಿ ಬರೆಸಿ, ಇ-ಸ್ಟಾಂಪ್ ಮೇಲೆ ಮಾಡಿಸಿ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಅದು ಯಾವ ಖಾತೆಗೆ ವಾಪಸ್ ಬರಬೇಕು, ಬಿಡಿಸುವುದಿದ್ದರೆ ಎರಡು ತಿಂಗಳ ಮುಂಚೆ ತಿಳಿಸಬೇಕು, ಎಷ್ಟು ಜನ ಇರುತ್ತಾರೆ, ಆರ್‌ಆರ್ ನಂಬರ್ ಯಾವುದು, ಇಷ್ಟೂ ಇರಲಿ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಇದೆ. ಆ ಮೊತ್ತವನ್ನು ಅಂಕಿಯಲ್ಲೇ ಬರೆಸಿ, ಆಮೇಲೆ ಅದು ಬೆಳೆಯಬಾರದು. ಅವಧಿ ಸಾಮಾನ್ಯವಾಗಿ 11 ತಿಂಗಳು. ವರ್ಷ ಮೀರಿದರೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ಈ 11. ಸಹಿಗೆ ಮೊದಲು ಇಡೀ ಪತ್ರವನ್ನು ಜೋರಾಗಿ ಓದಿ ಹೇಳಿ. ಓದಲು ಬಾರದ ತಾಯಿಯ ಮುಂದೆ ಸುಮ್ನೆ ಹೆಬ್ಬೆಟ್ಟು ಪ್ಯಾಡ್ ಇಡುವುದು ತಪ್ಪು.

ಸೇರಿಸುವುದು

ಇದು ಸುಲಭ, ಒಂದು ಭಾನುವಾರದ ಕೆಲಸ. ಹಳೇ ಸೋಫಾ, ಟಿವಿ ತಂದು ತುಂಬಬೇಡಿ, ಹತ್ತಡಿ ಕೋಣೆಯಲ್ಲಿ ಜಾಗ ಇರುವುದಿಲ್ಲ. ನೀರು ಹಿಡಿಯಲು ಡ್ರಮ್ಮು, ಸೊಳ್ಳೆ ಪರದೆ, ಒಲೆ ಸಾಕು. 5 ಕೆ.ಜಿ.ಯ ಸಣ್ಣ ಸಿಲಿಂಡರನ್ನು ವಿಳಾಸದ ಪುರಾವೆ ಇಲ್ಲದೆ, ಗುರುತಿನ ಚೀಟಿ ತೋರಿಸಿ ಕೊಳ್ಳಬಹುದು. ರಸ್ತೆ ಬದಿಯಲ್ಲಿ ತುಂಬಿಸಿಕೊಡುವ ನಕಲಿ ಸಿಲಿಂಡರ್ ಮಾತ್ರ ಬೇಡ, ಶೀಟ್ ಮನೆಯಲ್ಲಿ ಅದು ಅಪಾಯ.

ಶಾಲೆ ಬದಲಾಗಲೇಬೇಕಿದ್ದರೆ ಟಿ.ಸಿ. ತಡವಾಯಿತು ಅಂತ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಮುಖ್ಯ ಶಿಕ್ಷಕರಿಗೆ ಇದನ್ನು ಮೆತ್ತಗೆ ನೆನಪಿಸಿದರೆ ಸಾಕು.

ಮೊದಲ ವರ್ಷ

ತಿಂಗಳ ಮೂರನೇ ತಾರೀಕಿನ ಹೊತ್ತಿಗೆ ಒಂದು ಫೋನ್ ಮಾಡಿ. ಬಾಡಿಗೆ ಕೊಟ್ಟಿರಾ ಅಂತ ನೇರ ಕೇಳಬೇಡಿ, ಕೆಲಸ ಹೇಗಿದೆ ಅಂತ ಕೇಳಿ. ಕೆಲಸ ತಪ್ಪಿದ್ದು ಗೊತ್ತಾದರೆ ಬಾಡಿಗೆ ತಪ್ಪುವ ಮೊದಲೇ ದಾರಿ ಹುಡುಕಬಹುದು. ಎರಡು ತಿಂಗಳ ಬಾಕಿ ಬೆಳೆದ ಮೇಲೆ ಹೇಳಲು ಅವರಿಗೆ ನಾಚಿಕೆಯಾಗುತ್ತದೆ, ರಾತ್ರೋರಾತ್ರಿ ಬಿಟ್ಟು ಹೋಗಿಬಿಡುತ್ತಾರೆ. ಗಾರೆ ಕೆಲಸದವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿ. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು, ವಯಸ್ಸು 18ರಿಂದ 60ರೊಳಗೆ ಇರಬೇಕು.

ಇದೇ ಸಮಯದಲ್ಲಿ ಸರ್ಕಾರಿ ಮನೆಗೂ ಅರ್ಜಿ ಹಾಕಿಸಿ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ನಗರ 2.0ರಲ್ಲಿ ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರುವ ಬಡ ಕುಟುಂಬಗಳಿಗೂ ಅವಕಾಶ ಇದೆ. ಆದರೆ ದೇಶದಲ್ಲಿ ಎಲ್ಲೂ ಸ್ವಂತ ಪಕ್ಕಾ ಮನೆ ಇರಬಾರದು. ಊರಲ್ಲಿ ಮನೆ ಇದ್ದರೆ ಮೊದಲೇ ತಿಳಿದುಕೊಳ್ಳಿ. ರಾಜೀವ್ ಗಾಂಧಿ ವಸತಿ ನಿಗಮದ ಯೋಜನೆಗಳನ್ನೂ ವಿಚಾರಿಸಿ. ಫಲಾನುಭವಿ ಪಟ್ಟಿಗೆ ಹೆಸರು ಸೇರಿಸುತ್ತೇನೆ ಅಂತ ದುಡ್ಡು ಕೇಳುವವರನ್ನು ನಂಬಬೇಡಿ. ಇದಕ್ಕೆ ವರ್ಷಗಳೇ ಹಿಡಿಯಬಹುದು. ಹಾಗಾಗಿ ಬಾಡಿಗೆ ಮನೆಯನ್ನು ತಾತ್ಕಾಲಿಕ ಅಂತ ಕಡೆಗಣಿಸಬೇಡಿ.

ಒಂಬತ್ತನೇ ತಿಂಗಳಲ್ಲೇ ಮಾಲೀಕರನ್ನು ಕುಟುಂಬದ ಜೊತೆ ಹೋಗಿ ಕಾಣಿ. ಬಾಡಿಗೆ ಎಷ್ಟು ಏರಿಸುತ್ತಾರೆ, ಹೊಸ ಕರಾರು ಪತ್ರದ ಖರ್ಚು ಯಾರದು ಅಂತ ಆಗಲೇ ಮಾತಾಡಿಕೊಳ್ಳಿ. ಏರಿಕೆ ಕೆಟ್ಟ ತಿಂಗಳ ಲೆಕ್ಕಕ್ಕೆ ಮೀರುತ್ತದೆ ಅನ್ನಿಸಿದರೆ ಅದೇ ಬೀದಿಯಲ್ಲಿ ಬೇರೆ ಮನೆ ನೋಡಲು ಇನ್ನೂ ಎರಡು ತಿಂಗಳು ಕೈಯಲ್ಲಿರುತ್ತದೆ.