ಗೇರು ಸಸಿಗೆ ನೀರು ಹೊತ್ತು ಕಾಂಗ್ ಯಾತ್ಸೆ ಹತ್ತಿದ್ದು

ಕಳೆದ ಆಗಸ್ಟ್‌ನಲ್ಲಿ ಲಡಾಖಿನ ಕಾಂಗ್ ಯಾತ್ಸೆ 2 ಅನ್ನುವ ಹಿಮಶಿಖರ ಹತ್ತಿ ಬಂದೆ. 6,250 ಮೀಟರ್. ತಂಡದ ಎಂಟು ಜನರಲ್ಲಿ ತುದಿ ಮುಟ್ಟಿದ್ದು ಮೂವರು, ಅದರಲ್ಲಿ ನಲವತ್ತು ದಾಟಿದವ ನಾನೊಬ್ಬನೇ. ತಯಾರಿ ಎಲ್ಲಾ ಮಾಡಿದ್ದು ಕಾಸರಗೋಡಿನ ಪೆರ್ಲದ ಹತ್ತಿರದ ನಮ್ಮ ಮನೆ ಗುಡ್ಡದಲ್ಲಿ. ಸಮುದ್ರದ ಬದಿಯವರಿಗೆ ಇದು ಆಗುವ ಕೆಲಸ ಅಲ್ಲ ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದ್ದು ಅಂತ ಕೇಳುತ್ತಾರೆ. ಅದಕ್ಕೇ ಒಮ್ಮೆ ಬರೆದುಬಿಡುತ್ತೇನೆ.

ಮೊದಲು ಸೋತದ್ದು. ಮೂರು ವರ್ಷ ಹಿಂದೆ ಮನಾಲಿಯ ಫ್ರೆಂಡ್‌ಶಿಪ್ ಪೀಕ್‌ಗೆ ಹೋಗಿದ್ದೆ, 5,289 ಮೀಟರ್. ಮಂಗಳೂರಿನಿಂದ ವಿಮಾನ, ದೆಹಲಿಯಿಂದ ರಾತ್ರಿ ಬಸ್ಸು, ಮಾರನೇ ದಿನವೇ ನಡಿಗೆ. ಲೇಡಿ ಲೆಗ್ ಕ್ಯಾಂಪಿನಲ್ಲಿ ತಲೆ ಸಿಡಿಯತೊಡಗಿತು, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಹಟ ಹಿಡಿದು ರಾತ್ರಿ ಹೊರಟೆ. 4,600ರ ಆಸುಪಾಸಿನಲ್ಲಿ ಗೈಡ್ ನನ್ನ ಮುಖಕ್ಕೆ ಟಾರ್ಚ್ ಹಿಡಿದು ನೋಡಿದ, ಏನೂ ಹೇಳದೆ ಕೆಳಗೆ ತಿರುಗಿಸಿದ. 62 ಸಾವಿರ ಹೋಯಿತು.

ಶಕ್ತಿ ಸಾಲಲಿಲ್ಲ ಅಂದುಕೊಂಡು ಊರಿಗೆ ಬಂದವನೇ ಬ್ಯಾಗಿಗೆ ಮುರಕಲ್ಲಿನ ತುಂಡು ತುಂಬಿ ಗುಡ್ಡ ಹತ್ತಿ ಇಳಿಯಲು ಶುರು ಮಾಡಿದೆ. ಅದೇ ಭಾರ ಹೊತ್ತು ಕುಮಾರ ಪರ್ವತಕ್ಕೂ ಹೋದೆ. ದಾರಿ ನಡುವಿನ ತಂಗುದಾಣ ಭಟ್ಟರ ಮನೆಗೆ ಇಳಿದು ಬರುವಾಗ ಬಲ ಮೊಣಕಾಲು ಹಲಸಿನಕಾಯಿಯ ಹಾಗೆ ಊದಿತ್ತು. ನಾಲ್ಕು ತಿಂಗಳು ತೋಟಕ್ಕೂ ಇಳಿಯಲಾಗಲಿಲ್ಲ, ಫಿಸಿಯೋಥೆರಪಿಗೇ 18 ಸಾವಿರ ಸುರಿದೆ. ಆ ನಡುವೆ ಮೂಗು ಬಾಯಿ ಮುಚ್ಚುವ ಆಲ್ಟಿಟ್ಯೂಡ್ ಮಾಸ್ಕ್ ಅಂತ ಒಂದು ತರಿಸಿದೆ, ಎರಡೂವರೆ ಸಾವಿರ. ಅದು ಉಸಿರಾಡುವುದನ್ನು ಕಷ್ಟ ಮಾಡುತ್ತದೆ ಅಷ್ಟೇ, ಗಾಳಿ ನಮ್ಮ ಊರಿನದ್ದೇ ಅಲ್ವಾ? ತೆಗೆದುಕೊಳ್ಳಬೇಡಿ.

ಮೊಣಕಾಲು ಹಾಳಾಗುವುದು ಹತ್ತುವಾಗ ಅಲ್ಲ, ಭಾರ ಹೊತ್ತು ಇಳಿಯುವಾಗ. ಇದು ತಲೆಗೆ ಹೋದ ಮೇಲೆ ದಾರಿ ಸಿಕ್ಕಿತು. ಮನೆ ಹಿಂದೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಒಂದು ಸಣ್ಣ ಕೆರೆಗೆ ಬೀಳುತ್ತದೆ. ಅಲ್ಲಿಂದ ಗುಡ್ಡದ ನೆತ್ತಿಗೆ ಸುಮಾರು 110 ಮೀಟರ್ ಏರು. ನೆತ್ತಿಯಲ್ಲಿ 60 ಗೇರು ಸಸಿ ನೆಟ್ಟೆ. ಹತ್ತು ಲೀಟರಿನ ಎರಡು ಕ್ಯಾನ್ ಬ್ಯಾಗಿಗೆ ಹಾಕಿ ಹೊತ್ತುಕೊಂಡು ಹೋಗುವುದು, ಸಸಿಗೆ ಸುರಿಯುವುದು, ಖಾಲಿ ಬ್ಯಾಗಿನಲ್ಲಿ ಇಳಿಯುವುದು. ಮೊದಲ ವಾರ ಮೂರು ಸುತ್ತು, ಆಮೇಲೆ ಐದು, ಕೊನೆಗೆ ಭಾನುವಾರ ಬೆಳಗ್ಗೆ ಹತ್ತು. ಹತ್ತು ಸುತ್ತು ಅಂದರೆ 1,100 ಮೀಟರ್ ಏರು. ಕಾಂಗ್ ಯಾತ್ಸೆ ಬೇಸ್ ಕ್ಯಾಂಪಿನಿಂದ ತುದಿಗೆ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಹತ್ತುವಾಗ ಬಾಯಿ ಮುಚ್ಚಿರಬೇಕು, ಮೂಗಿನಲ್ಲೇ ಉಸಿರು. ಬಾಯಿ ತೆರೆಯಬೇಕು ಅನಿಸಿದರೆ ಹೆಜ್ಜೆ ನಿಧಾನ.

"ಎಂತ ಮಾರಾಯ, ಪಂಪು ಕೆಟ್ಟಿದಾ?" ಅಂತ ನೆರೆಮನೆಯ ಅಣ್ಣ ಕೇಳಿದರು. ಜೂನ್‌ನಲ್ಲಿ ಮಳೆ ಹಿಡಿದ ಮೇಲೂ ನಾನು ನಿಲ್ಲಿಸಲಿಲ್ಲ. ಜಡಿಮಳೆಯಲ್ಲಿ ಗುಡ್ಡಕ್ಕೆ ನೀರು ಹೊರುವವನನ್ನು ನೋಡಿ ಅವರು ಮಾತಾಡುವುದನ್ನೇ ಬಿಟ್ಟರು. ಮಂಗಳೂರಿನ ಟ್ರೆಕ್ಕಿಂಗ್ ಗೆಳೆಯರು ಜಿಮ್ ಇಲ್ಲದೆ ಆಗುವುದಿಲ್ಲ ಅಂತಲೇ ಇದ್ದರು. ಹೊರಡುವ ಮೊದಲಿನ ಮೂರು ವಾರ ಸುತ್ತುಗಳನ್ನು ಹೇಗೆ ಇಳಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದು ನಾಲ್ಕು ಸುತ್ತು ಹೊತ್ತವರಿಗೆ ಹೇಳುತ್ತೇನೆ.

ನಮ್ಮಲ್ಲಿ ಚಳಿಯೇ ಇಲ್ಲ, ಅದಕ್ಕೆ ಇನ್ನೊಂದು ಮಾಡಿ ನೋಡಿದೆ. ಮಂಜೇಶ್ವರದಿಂದ ಮೀನಿಗೆ ಹಾಕುವ ಐಸ್ ತಂದು ಬಕೆಟಿಗೆ ತುಂಬಿ, ಬೆರಳು ಜೋಮು ಹಿಡಿಯುವವರೆಗೆ ಕೈ ಮುಳುಗಿಸಿ, ಆಮೇಲೆ ಕತ್ತಲಲ್ಲಿ ಬೂಟಿಗೆ ಕ್ರ್ಯಾಂಪಾನ್, ಅಂದರೆ ಹಿಮದಲ್ಲಿ ಜಾರದ ಹಾಗೆ ಹಿಡಿಯುವ ಕಬ್ಬಿಣದ ಮುಳ್ಳು, ಕಟ್ಟುವುದು. ಮೊದಲ ದಿನ ಏಳೆಂಟು ನಿಮಿಷ ಬೇಕಾಯಿತು, ಕೊನೆಗೆ ಎರಡು.

ಆದರೆ ಎಷ್ಟು ಗಟ್ಟಿ ಇದ್ದರೂ ಎತ್ತರದ ತಲೆನೋವು ಬಿಡುವುದಿಲ್ಲ. ಅದಕ್ಕೆ ಮದ್ದು ದಿನಗಳು, ಮೈ ಎತ್ತರಕ್ಕೆ ನಿಧಾನಕ್ಕೆ ಒಗ್ಗಬೇಕು. ಈ ಸಲ ವಿಮಾನ ಬಿಟ್ಟೆ. ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್, ಮನಾಲಿಯಲ್ಲಿ ಎರಡು ರಾತ್ರಿ, ಅಟಲ್ ಸುರಂಗ ದಾಟಿ ಜಿಸ್ಪಾದಲ್ಲಿ ಎರಡು ರಾತ್ರಿ. ಸರ್ಚುವಿನಲ್ಲಿ ಮಲಗಲೇ ಇಲ್ಲ, ಅದು 4,200ಕ್ಕೂ ಜಾಸ್ತಿ. ನಸುಕಿನಲ್ಲಿ ಹೊರಟು ಬಾರಾಲಾಚಾ, ತಂಗ್‌ಲಾಂಗ್ ಅನ್ನುವ ಎತ್ತರದ ಘಾಟಿ ಎರಡೂ ದಾಟಿ ಒಂದೇ ದಿನಕ್ಕೆ 3,500 ಮೀಟರಿನ ಲೇಹ್‌ಗೆ ಇಳಿದೆ. ಅಲ್ಲಿ ಮೂರು ದಿನ ಸುಮ್ನೆ ಕೂತೆ. ಆಮೇಲೆ ಮಾರ್ಖಾ ಕಣಿವೆಯಲ್ಲಿ ನಿಧಾನ ನಡಿಗೆ. ವಿಮಾನದಲ್ಲಿ ಬಂದ ಹುಡುಗರಿಬ್ಬರು ಹಂಕರ್‌ನಿಂದಲೇ ವಾಪಸ್ ಹೋದರು, ನನಗಿಂತ ಹದಿನೈದು ವರ್ಷ ಸಣ್ಣವರು.

ಬೇಸ್ ಕ್ಯಾಂಪಿನಿಂದ ರಾತ್ರಿ ಹನ್ನೊಂದೂವರೆಗೆ ಹೊರಟೆವು. 5,900ರ ಹತ್ತಿರ ಎಡಗಾಲಿನ ಕ್ರ್ಯಾಂಪಾನ್ ಪಟ್ಟಿ ಸಡಿಲವಾಯಿತು. ಗಾಳಿ ನಿಲ್ಲಗೊಡುತ್ತಿಲ್ಲ. ಗೈಡ್ ಮುಂದೆ ಇದ್ದ. ಹೊರಗಿನ ಗ್ಲೌಸ್ ಹಲ್ಲಿನಲ್ಲಿ ಕಚ್ಚಿಕೊಂಡು ಬಗ್ಗಿದೆ. ಬೆರಳಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಆದರೆ ಬಕೆಟಿನ ದಿನಗಳ ಅಭ್ಯಾಸ ಕೈಯಲ್ಲಿ ಉಳಿದಿತ್ತು, ಬಕಲ್ ಟಕ್ ಅಂತ ಕೂತಿತು. ಉಳಿದವರ ಚಾಕೊಲೇಟು ಕಲ್ಲಾಗಿತ್ತು. ನನ್ನ ಒಳಜೇಬಿನಲ್ಲಿ ಅಮ್ಮ ಮಾವಿನ ರಸ ಒಣಗಿಸಿ ಮಾಡಿದ ಮಾಂಬಳ, ಮೈಬಿಸಿಗೆ ಮೆತ್ತಗೇ ಇತ್ತು. ತುದಿ ಮುಟ್ಟಿದಾಗ ಎಂಟೂವರೆ. ಬಾಯಿಯಲ್ಲಿ ಮಾವಿನ ರುಚಿ, ಕಣ್ಣಲ್ಲಿ ನೀರು.

ಇಳಿಯುವಾಗ ಮೊಣಕಾಲು ಒಮ್ಮೆಯೂ ಕೂಗಲಿಲ್ಲ. ಒಟ್ಟು ಖರ್ಚು ಒಂದು ಲಕ್ಷದ ಮೂವತ್ತು ಸಾವಿರ, ಅಂದರೆ ಕ್ವಿಂಟಲ್‌ಗಟ್ಟಲೆ ಅಡಿಕೆಯ ದುಡ್ಡು. 60 ಸಸಿಯಲ್ಲಿ 52 ಬದುಕಿವೆ. ನೆತ್ತಿಯ ಬಡಗು ಬದಿ ಇನ್ನೂ ಖಾಲಿ ಇದೆ, ಈ ಸಲ ಅಲ್ಲಿಗೆ 40 ತಂದಿದ್ದೇನೆ.