ಫಿಯೋನಾ ಆ್ಯಪಲ್ ಅವರ ‘ಫೆಚ್ ದ ಬೋಲ್ಟ್ ಕಟರ್ಸ್’ ಆಲ್ಬಮ್ ಕೇಳುವ ಬಗೆ

ಅಮೆರಿಕದ ಗಾಯಕಿ, ಗೀತರಚನೆಕಾರ್ತಿ ಫಿಯೋನಾ ಆ್ಯಪಲ್ ಅವರ ಐದನೆಯ ಆಲ್ಬಮ್ ‘ಫೆಚ್ ದ ಬೋಲ್ಟ್ ಕಟರ್ಸ್’ 2020ರ ಏಪ್ರಿಲ್ 17ರಂದು, ಜಗತ್ತಿನ ಬಹುಭಾಗ ಲಾಕ್‌ಡೌನ್‌ನಲ್ಲಿದ್ದಾಗ ಬಿಡುಗಡೆಯಾಯಿತು. ಸಂಗೀತ ವಿಮರ್ಶೆಯ ಜಾಲಪತ್ರಿಕೆ ಪಿಚ್‌ಫೋರ್ಕ್ ಅದಕ್ಕೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿತು. ಮರುವರ್ಷ ಎರಡು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಈ ಹೊಗಳಿಕೆಯನ್ನು ಓದಿ ಆಸೆಯಿಂದ ಕೇಳಲು ಕುಳಿತವರಿಗೆ ಮೊದಲ ಸಲ ನಿರಾಸೆಯಾದರೂ ಆಶ್ಚರ್ಯವಿಲ್ಲ. ಹಾಡೆಂದರೆ ಮೊದಲು ಅದರ ರಾಗವನ್ನು ಹಿಡಿಯುವ ನಮ್ಮ ಕಿವಿಗೆ ಇಲ್ಲಿ ಎದುರಾಗುವುದು ಬಡಿತ, ತಟ್ಟುವಿಕೆ, ಏದುಸಿರು ಮತ್ತು ಮಾತು. ಆದ್ದರಿಂದ ಲಯವನ್ನು ಮೊದಲು, ಸಾಹಿತ್ಯವನ್ನು ಆಮೇಲೆ, ದನಿಯ ಕುಸುರಿಯನ್ನು ಕೊನೆಗೆ ಗಮನಿಸಿ ಎಂಬುದು ನನ್ನ ಸಲಹೆ.

ಮೊಬೈಲ್‌ನ ಪುಟ್ಟ ಸ್ಪೀಕರ್ ಈ ಆಲ್ಬಮ್‌ಗೆ ಸಾಲದು; ಕೆಳಸ್ತರದ ಸದ್ದುಗಳೆಲ್ಲ ಅದರಲ್ಲಿ ಕರಗಿಹೋಗುತ್ತವೆ. ಸಾಧಾರಣವಾದ ಹೆಡ್‌ಫೋನ್ ಇದ್ದರೂ ಆದೀತು. ಹದಿಮೂರು ಹಾಡುಗಳನ್ನು ಅವು ಇರುವ ಕ್ರಮದಲ್ಲಿಯೇ ಕೇಳಬೇಕು, ಒಟ್ಟು ಒಂದು ಗಂಟೆಯೂ ಹಿಡಿಯುವುದಿಲ್ಲ.

ಮೊದಲ ಕೇಳುವಿಕೆಯಲ್ಲಿ ಸಾಹಿತ್ಯವನ್ನು ಕಣ್ಣೆದುರು ಇಟ್ಟುಕೊಳ್ಳಬೇಡಿ. ಯಾವುದನ್ನು ಯಾವುದರಿಂದ ಬಡಿಯುತ್ತಿದ್ದಾರೆ ಎಂಬುದನ್ನಷ್ಟೇ ಆಲಿಸಿ. ಈ ಆಲ್ಬಮ್‌ನ ಬಹುಪಾಲು ಧ್ವನಿಮುದ್ರಣ ನಡೆದದ್ದು ಲಾಸ್ ಏಂಜಲೀಸ್‌ನ ವೆನಿಸ್ ಬೀಚ್‌ನಲ್ಲಿರುವ ಫಿಯೋನಾ ಅವರ ಸ್ವಂತ ಮನೆಯಲ್ಲಿ. ಡ್ರಮ್ಸ್ ನುಡಿಸಿದ ಏಮಿ ಐಲೀನ್ ವುಡ್, ಬೇಸ್ ನುಡಿಸಿದ ಸೆಬಾಸ್ಟಿಯನ್ ಸ್ಟೈನ್‌ಬರ್ಗ್ ಮತ್ತು ಗಿಟಾರ್ ವಾದಕ ಡೇವಿಡ್ ಗಾರ್ಜಾ ಅವರೊಂದಿಗೆ ಫಿಯೋನಾ ಮನೆಯೊಳಗೆಲ್ಲ ಹೆಜ್ಜೆ ಹಾಕುತ್ತ, ಕೈಗೆ ಸಿಕ್ಕದ್ದನ್ನೆಲ್ಲ ತಟ್ಟುತ್ತ, ಉದ್ಘೋಷಿಸುತ್ತ ಈ ಲಯಗಳನ್ನು ಕಟ್ಟಿದರು. ತಾವು ಅತಿಯಾಗಿ ಪ್ರೀತಿಸಿದ್ದ, ತೀರಿಹೋದ ನಾಯಿ ಜಾನೆಟ್‌ಳ ಮೂಳೆಗಳಿದ್ದ ಪೆಟ್ಟಿಗೆಯನ್ನೂ ಅವರು ತಾಳವಾದ್ಯವಾಗಿ ಬಳಸಿದರು. ಶೀರ್ಷಿಕೆ ಗೀತೆಯ ಕೊನೆಯಲ್ಲಿ ನಾಯಿಗಳು ಬೊಗಳುವುದು ಕೇಳಿಸುತ್ತದೆ. ಅದನ್ನು ಅಳಿಸದೆ ಉಳಿಸಿಕೊಂಡದ್ದರಿಂದಲೇ ಆ ಹಾಡಿಗೆ ಒಂದು ಮನೆ ಇದೆ ಎಂದು ನಮಗೆ ತಿಳಿಯುತ್ತದೆ. ಕರ್ನಾಟಕ ಸಂಗೀತ ಕಚೇರಿಯಲ್ಲಿ ತನಿ ಆವರ್ತನಕ್ಕಾಗಿ, ಅಂದರೆ ತಾಳವಾದ್ಯಗಳಷ್ಟೇ ನುಡಿಯುವ ಭಾಗಕ್ಕಾಗಿ, ಕಾದು ಕೂರುವ ರಸಿಕರು ಈ ಹಂತವನ್ನು ಉಳಿದವರಿಗಿಂತ ಬೇಗ ದಾಟುತ್ತಾರೆಂದು ನನಗೆ ಅನ್ನಿಸುತ್ತದೆ.

ಎರಡನೆಯ ಸಲ ಸಾಹಿತ್ಯವನ್ನು ಓದುತ್ತ ಕೇಳಿ. ‘ಶಮೀಕಾ’ದಿಂದ ಆರಂಭಿಸುವುದು ಒಳ್ಳೆಯದು. ಶಾಲೆಗೆ ನಡೆದು ಹೋಗುವಾಗ ಯಾರಿಗೂ ಕಾಣದ ಒಂದು ಲಯಕ್ಕೆ ಹಲ್ಲು ಕಡಿಯುತ್ತಿದ್ದ ಹುಡುಗಿಯ ಚಿತ್ರ ಅದರಲ್ಲಿದೆ. ಆ ಹುಡುಗಿಯೊಳಗೆ ಸತ್ವವಿದೆ ಎಂದು ಶಮೀಕಾ ಎಂಬ ಸಹಪಾಠಿ ಹೇಳಿದ ಒಂದೇ ಮಾತು ಹಾಡಿನುದ್ದಕ್ಕೂ ಮರಳಿ ಬರುತ್ತದೆ. ಪಿಯಾನೋ ಅಲ್ಲಿ ಅಷ್ಟು ರಭಸದಿಂದ ಏಕೆ ಓಡುತ್ತದೆ ಎಂಬುದು ಸಾಹಿತ್ಯ ಓದಿದಾಗಲೇ ಅರ್ಥವಾಗುತ್ತದೆ. ‘ರಿಲೇ’ ಹಾಡಿನಲ್ಲಿ ನೊಂದವರು ನೋವನ್ನು ಇನ್ನೊಬ್ಬರ ಕೈಗೆ ದಾಟಿಸುವುದರ ಬಗ್ಗೆ ಒಂದು ಸಾಲಿದೆ. ಅದನ್ನು ಫಿಯೋನಾ ಬರೆದದ್ದು ತಮ್ಮ ಹದಿನೈದನೆಯ ವಯಸ್ಸಿನಲ್ಲಿ. ‘ಲೇಡೀಸ್’ ಹಾಡಿನಲ್ಲಿ ತಾನು ಬಿಟ್ಟುಹೋಗುವ ಮನೆಗೆ ಬರಲಿರುವ ಹೆಂಗಸಿನ ಮೇಲೆ ಅವರು ಮತ್ಸರಪಡುವುದಿಲ್ಲ, ಬೀರುವಿನಲ್ಲಿರುವ ಉಡುಪು ನಿನಗೆ ಒಪ್ಪುತ್ತದೆ ಎನ್ನುತ್ತಾರೆ. ಇಡೀ ಆಲ್ಬಮ್‌ನಲ್ಲಿ ನನಗೆ ಅತ್ಯಂತ ಪ್ರಿಯವಾದ ಔದಾರ್ಯ ಅದು. ‘ಹೆವಿ ಬಲೂನ್’ ಖಿನ್ನತೆಯನ್ನು ಕುರಿತದ್ದು, ಆದರೆ ಅದರ ಪಲ್ಲವಿಯಲ್ಲಿ ಸ್ಟ್ರಾಬೆರಿ ಹಬ್ಬುತ್ತದೆ, ಅವರೆ ಬಟಾಣಿಗಳಂತಹ ಬಳ್ಳಿಗಳು ಮೇಲೇರುತ್ತವೆ.

‘ಫಾರ್ ಹರ್’ ಹಾಡು ಲೈಂಗಿಕ ದೌರ್ಜನ್ಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅದನ್ನು ಮಕ್ಕಳ ಜೊತೆ ಕುಳಿತು ಕೇಳಬಾರದು. ಅಂತಹ ಅನುಭವದಿಂದ ನೊಂದವರು ಮೊದಲೇ ತಿಳಿದುಕೊಂಡು ಕೇಳುವುದು, ಇಲ್ಲವೆ ಬಿಟ್ಟು ಮುಂದೆ ಹೋಗುವುದು ಲೇಸು.

ಮೂರನೆಯ ಸಲ ಗಮನವೆಲ್ಲ ದನಿಯ ಮೇಲಿರಲಿ. ಮೊದಲ ಹಾಡಿನ ಕೊನೆಯಲ್ಲಿ ಅವರ ಕಂಠ ಪದಗಳನ್ನೆಲ್ಲ ಬಿಟ್ಟು ಚೀತ್ಕಾರದ ಎತ್ತರಕ್ಕೆ ಹೋಗುತ್ತದೆ, ಬೇರೆ ಕಡೆ ಪಿಸುಮಾತಿಗೆ ಇಳಿಯುತ್ತದೆ. ಕಡೆಯ ಹಾಡು ‘ಆನ್ ಐ ಗೋ’ ವಿಪಶ್ಯನ ಧ್ಯಾನದ ಪಠಣವೊಂದರಿಂದ ಪ್ರೇರಿತವಾದದ್ದು. ಅದರ ನಡುವೆ ಅವರು ಎಡವಿ, ತಮ್ಮನ್ನೇ ಬೈದುಕೊಂಡು, ಮತ್ತೆ ಲಯಕ್ಕೆ ಸೇರಿಕೊಳ್ಳುತ್ತಾರೆ. ಆ ತಪ್ಪನ್ನು ತಿದ್ದದೆ ಹಾಗೆಯೇ ಬಿಟ್ಟಿರುವುದನ್ನು ಕೇಳಿದರೆ ಈ ಆಲ್ಬಮ್‌ನ ಧೈರ್ಯ ಎಂಥದ್ದೆಂದು ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಹಿಂದಕ್ಕೆ ಹೋಗಿ. 1996ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ ಅವರು ಹೊರತಂದ ‘ಟೈಡಲ್’ಗೆ ನೇರವಾಗಿ ಜಿಗಿಯುವುದಕ್ಕಿಂತ 2012ರ ಆಲ್ಬಮ್ ಅನ್ನು ಮೊದಲು ಕೇಳುವುದು ಉತ್ತಮ, ಏಕೆಂದರೆ ವಾದ್ಯಗಳನ್ನು ಕಡಿಮೆ ಮಾಡಿ ತಾಳಕ್ಕೆ ಜಾಗ ಬಿಡುವ ಪ್ರಯತ್ನ ಅಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ. ‘ಟೈಡಲ್’ನಲ್ಲಿ ಪಿಯಾನೋ ದನಿಯನ್ನು ಹೇಗೆ ಹೊತ್ತು ನಡೆಯುತ್ತದೆ ಎಂಬುದನ್ನು ಅದಾದ ಬಳಿಕ ಗಮನಿಸಿ, ‘ಶಮೀಕಾ’ದ ಪಿಯಾನೋವನ್ನು ಅದರ ಪಕ್ಕದಲ್ಲಿಟ್ಟು ಕೇಳಿ.